ಎರಡನೇ ವಾಲ್ವು

ಬೆಳಗಿನ ಜಾವ ಐದಕ್ಕೆ ಎರಡನೇ ವಾಲ್ವು.
ಹದಿನೇಳು ಸುತ್ತು. ಎಣಿಸಬೇಕಿಲ್ಲ, ಮಣಿಕಟ್ಟಿಗೆ ಗೊತ್ತು.
ಮೊದಲು ಗಾಳಿ ಕೆಮ್ಮುತ್ತದೆ, ಆಮೇಲೆ ಕೆಂಪು, ಆಮೇಲೆ ನೀರು.
ಬೀರೂರಿನ ರೈಲ್ವೆ ಗೇಟಿನಾಚೆ ನನ್ನ ಲೈನು:
ಮೊದಲ ನಲ್ಲಿ ಓಂಕಾರಮ್ಮನದು,
ಆಮೇಲೆ ಟೈಲರ್ ಫರ್ಜಾನಾ, ಗ್ಯಾಂಗ್‌ಮನ್ ಹೊನ್ನೂರಪ್ಪ,
ಇಡ್ಲಿ ಗಾಡಿಯ ಸುಂಕಮ್ಮ,
ಕೊನೆಗೆ ತಗ್ಗಿನಲ್ಲಿ, ಬೆರಳು ದಪ್ಪ ಧಾರೆ ಸಿಕ್ಕರೆ ಪುಣ್ಯವೆನ್ನುವ
ಜಯಶೀಲಾ ಟೀಚರ ಬಾಡಿಗೆ ಮನೆ.
ನೀರುಗಂಟಿಗೆ ಊರು ಗೊತ್ತಿರುವುದು ಹೀಗೆ,
ಯಾರ ಬಿಂದಿಗೆ ಯಾರದರ ನಂತರ ತುಂಬುತ್ತದೆ ಎಂದು.

ಮೊದಲು ಹೇಳಿದವಳು ಫರ್ಜಾನಾ:
"ಅಣ್ಣಾ, ಎಡಗಣ್ಣು ಮುಚ್ಚಿದ್ರೆ ಸೂಜಿ ಕಾಣ್ತದೆ, ದಾರ ಕಾಣ್ತದೆ,
ಎರಡೂ ಕೂಡೋ ಜಾಗದಲ್ಲಿ ಮಾತ್ರ
ಯಾರೋ ಹೆಬ್ಬೆಟ್ಟು ಒತ್ತಿದ ಹಾಗೆ."
ಚಾಳೀಸು ಬಂತು, ಕನ್ನಡಕ ಹಾಕ್ಕೋ ಅಂತ ನಕ್ಕೆ.
ಅವಳಿಗೆ ಇಪ್ಪತ್ತೊಂಬತ್ತು.

ಹೊನ್ನೂರಪ್ಪನ ಕಣ್ಣಲ್ಲಿ ನೊಣ.
ಹಳಿ ನೋಡಿದರೆ ಹಳಿಯ ಮೇಲೆ, ಅನ್ನ ನೋಡಿದರೆ ಅನ್ನದ ಮೇಲೆ.
ಸುಂಕಮ್ಮನ ಮಗನಿಗೆ ಕರಿಹಲಗೆಯ ನಡುವೆ
ಮೇಷ್ಟ್ರು ಎಷ್ಟು ಒರೆಸಿದರೂ ಹೋಗದ ಮಬ್ಬು.

ಚಿಕ್ಕಮಗಳೂರಿನ ದೊಡ್ಡಾಸ್ಪತ್ರೆ. ಕಣ್ಣಿನ ಡಾಕ್ಟರಮ್ಮ
ದೀಪ ಹಿಡಿದು ಬಗ್ಗಿ ನೋಡಿ ಅಂದರು:
"ಮಂಜು ಕವಿದ ಬೆಳಿಗ್ಗೆ ಬರೋ ರೈಲಿನ ದೀಪ ನೋಡಿದ್ದೀರಲ್ಲ?
ರೈಲು ಕಾಣಲ್ಲ, ಬರೀ ಒಂದು ಬಿಳುಪು. ಕಣ್ಣೊಳಗೆ ಹಾಗಿದೆ."
ಬೀರೂರಿನವರಿಗೆ ಇನ್ನೂ ಬಿಡಿಸಿ ಹೇಳಬೇಕೆ?
ರಕ್ತ ತೆಗೆದರು. ಚೀಟಿಯಲ್ಲಿ ಟಾಕ್ಸೊಪ್ಲಾಸ್ಮಾ ಎಂದು ಬಂತು.
ನಾಲಿಗೆ ಹೊರಳದ ಓಂಕಾರಮ್ಮ ಅದನ್ನು
"ಬೆಕ್ಕಿನ ಹುಳ" ಮಾಡಿದಳು.

ಎರಡನೇ ಸಲ ಹೋದಾಗ ಹದಿಮೂರು ಜನ.
ಅರೆಬೆಂದ ಮಾಂಸ ತಿಂದಿದ್ರಾ, ಒಂದೇ ಮದುವೆ ಊಟಾನಾ?
ಓಂಕಾರಮ್ಮ ಮೊಟ್ಟೆಯನ್ನೂ ಮುಟ್ಟದವಳು.
ಜೊತೆಗೆ ಹೋದ ನಾನು ಬಾಗಿಲಲ್ಲಿ ನಿಂತು
ಬೆಂಚನ್ನು ಎಡದಿಂದ ಬಲಕ್ಕೆ ಓದಿದೆ.
ಯಾರೂ ಹೇಳದೆಯೇ ಅವರು ನಲ್ಲಿಯ ಸಾಲಿನಲ್ಲೇ ಕೂತಿದ್ದರು.

ಟ್ಯಾಂಕಿನ ಮುಚ್ಚಳದ ತಗಡು ಆಷಾಢದ ಗಾಳಿಗೆ ಹೋದದ್ದು.
ಪುರಸಭೆಗೆ ಮೂರು ಅರ್ಜಿ ಕೊಟ್ಟೆ,
ನಾಲ್ಕನೆಯದರ ಬದಲು ಗೋಣಿಚೀಲ ಹೊದಿಸಿದೆ.
ಅದರ ಬೆಚ್ಚಗಿನ ಅಂಚಿನಲ್ಲಿ ಬೂದಿ ಬಣ್ಣದ ಬೆಕ್ಕು ಈದಿತ್ತು,
ಕಣ್ಣು ಬಿಡದ ನಾಲ್ಕು ಮರಿ.
ನನ್ನ ಚಹಾದ ಹಾಲಲ್ಲಿ ಅರ್ಧ ಅದಕ್ಕೆ ಸುರಿದೆ.
ಬ್ಲೀಚಿಂಗ್ ಪುಡಿಯ ಅಳತೆ ಒಂದು ದಿನವೂ ತಪ್ಪಿಸಿದವನಲ್ಲ.
ಆ ಹುಳದ ಮೊಟ್ಟೆಗೆ ಬ್ಲೀಚಿಂಗ್ ನಾಟುವುದಿಲ್ಲವಂತೆ,
ಕುದಿಯಬೇಕಂತೆ.
ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ, ಎಲ್ಲರಿಗೂ ಗೊತ್ತು.
ಅವತ್ತು ಅದು ಕಣ್ಣು ತೆರೆದೇ ಕುಡಿಯಿತು,
ನನ್ನನ್ನು ನೋಡುತ್ತ.

"ಡಾಕ್ಟರೇ, ಇದು ಎರಡನೇ ವಾಲ್ವು" ಅಂದೆ.
ಹದಿಮೂರು ಕತ್ತು ಹೊರಳಿದವು.
ಸಿಟ್ಟೆಂದುಕೊಂಡೆ. ಅಲ್ಲ,
ಒಳ್ಳೆಯ ಕಣ್ಣನ್ನು ನನ್ನ ಕಡೆ ತಿರುಗಿಸುತ್ತಿದ್ದರು.

ಈಗ ಕಬ್ಬಿಣದ ಮುಚ್ಚಳ, ಬೀಗ. ಟ್ಯಾಂಕು ತೊಳೆದು ತಾರೀಕು ಬರೆದಿದ್ದಾರೆ.
ಹುಡುಗರು ದೊಣ್ಣೆ ಹಿಡಿದು ಬಂದ ರಾತ್ರಿ
ಏಣಿಯ ಬುಡದಲ್ಲಿ ಮಲಗಿದ್ದೆ. ಯಾಕೆಂದು ಕೇಳಬೇಡಿ.
ಆರು ವಾರ ಮಾತ್ರೆ. ಹುಳ ಸಾಯುವುದಿಲ್ಲ, ನಿದ್ದೆ ಹೋಗುತ್ತದೆ,
ಕಲೆ ಕಲೆಯಾಗಿಯೇ ಉಳಿಯುತ್ತದೆ.
ಫರ್ಜಾನಾಳ ಮಗಳು ಸ್ಕೂಲಿಗೆ ಹೊರಡುವ ಮುಂಚೆ
ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುತ್ತಾಳೆ.
ಸಂಜೆಯೊಳಗೆ ಹನ್ನೊಂದನೆಯದು ಬೇಕಾದರೆ
ಅವತ್ತಿಗೆ ಅಂಗಡಿ ಮುಚ್ಚಿತು.

ಮೊನ್ನೆ ಬಿಲ್ಲು ಕೊಡಲು ಹೋದಾಗ ಲೋಟ ಮುಂದಿಟ್ಟಳು.
"ಕುದಿಸಿದ್ದೇ, ಕುಡಿ ಅಣ್ಣಾ."
ಹೊಗೆ ವಾಸನೆ. ನಾನೇ ಬಿಟ್ಟ ನೀರು
ಗಂಟಲಲ್ಲಿ ನಿಧಾನ ಇಳಿಯಿತು.

ಬೆಳಗಿನ ಜಾವ ಐದು. ಹದಿನೇಳು ಸುತ್ತು.
ಈಗ ಎಣಿಸುತ್ತೇನೆ.
ಹದಿಮೂರಕ್ಕೆ ಬಂದಾಗ ಕೈ ಒಂದು ಗಳಿಗೆ ನಿಲ್ಲುತ್ತದೆ.
ಪೈಪಿನೊಳಗೆ ಗಾಳಿ ಕೆಮ್ಮುತ್ತದೆ.